ಗಡಿಯಾರ ಹಿಡಿದ ಕೈ

ಕ್ರೀಡಾಕೂಟ ನಡೆಸುವವರು ಸಲಹೆ ಕೇಳಿದರೆ, ಎಷ್ಟೋ ಸಲ ಕೇಳದಿದ್ದರೂ, ನಾನು ಮೊದಲು ಹೇಳುವ ಮಾತು ಒಂದೇ: ಒಂದು ಕುರ್ಚಿಗೆಂದು ನೇಮಿಸಿದ ಮನುಷ್ಯನನ್ನು ಆ ಕುರ್ಚಿಯಿಂದ ಎಬ್ಬಿಸಬೇಡಿ. ಐದು ನಿಮಿಷದ ಕೆಲಸವಿದ್ದರೂ ಎಬ್ಬಿಸಬೇಡಿ. ಈ ಬುದ್ಧಿ ನನಗೆ ಪುಸ್ತಕದಿಂದ ಬಂದದ್ದಲ್ಲ. ದೇವದುರ್ಗದ ಹೈಸ್ಕೂಲು ಮೈದಾನದಲ್ಲಿ, ಎರಡು ದೇಶಗಳ ಬಾವುಟದ ಮುಂದೆ, ಫೈನಲ್ ಪಂದ್ಯದ ಕೊನೆಯ ಪಾಳಿಯಲ್ಲಿ ಬಂದದ್ದು.

ಆಗ ನಾನು ಖೊಖೊ ಆಟದ ಏಷ್ಯಾ ಮಟ್ಟದ ಒಕ್ಕೂಟದಲ್ಲಿ ತಾಂತ್ರಿಕ ಸಮಿತಿಯ ಪದಾಧಿಕಾರಿ. ಹೆಸರು ದೊಡ್ಡದು, ಕೆಲಸ ಮಾತ್ರ ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ನಾನು ಮೂವತ್ತು ವರ್ಷ ಮಾಡಿದ ದಲಾಲಿ ಕೆಲಸವೇ. ಕೊಡುವವನಿಗೂ ಕೊಳ್ಳುವವನಿಗೂ ನಡುವೆ ಕುಳಿತು, ಇಬ್ಬರೂ ಗೆದ್ದೆವೆಂದುಕೊಂಡು ಮನೆಗೆ ಹೋಗುವಂತೆ ಮಾಡುವುದು. ಮಹಿಳಾ ತಂಡಗಳ ಕೂಟವನ್ನು ನಮ್ಮ ಜಿಲ್ಲೆಗೆ ತಂದದ್ದೂ ಹಾಗೆಯೇ. ಒಕ್ಕೂಟದವರು ಒಂದೇ ಊರಲ್ಲಿ ನಡೆಸಿ ಎಂದರು. ನಾನು ಮೂರು ಊರು ಕೇಳಿದೆ. ಲೀಗ್ ಪಂದ್ಯ ರಾಯಚೂರಲ್ಲಿ, ಸೆಮಿಫೈನಲ್ ಮಾನ್ವಿಯಲ್ಲಿ, ಫೈನಲ್ ದೇವದುರ್ಗದಲ್ಲಿ. ಆಟಗಾರರಿಗೆ ಪ್ರಯಾಣದ ದಣಿವು ಎಂದು ಅವರು ಆಕ್ಷೇಪ ತೆಗೆದರು. ಅದಕ್ಕೆ ಪ್ರತಿಯಾಗಿ ನಡುವೆ ಒಂದು ಪೂರ್ತಿ ವಿಶ್ರಾಂತಿಯ ದಿನ ಕೊಟ್ಟೆ. ಕೊಡದೆ ಕೇಳಬಾರದು, ಕೇಳುವುದಕ್ಕಿಂತ ಮೊದಲು ಏನು ಕೊಡಬಹುದು ಎಂದು ಜೇಬು ನೋಡಿಕೊಳ್ಳಬೇಕು.

ದೇವದುರ್ಗವೇ ಯಾಕೆ ಎಂದರೆ, ನಿವೃತ್ತರಾದ ನಮ್ಮ ಡ್ರಿಲ್ ಮಾಸ್ತರರು ಅಲ್ಲಿದ್ದರು. ನನಗೆ ಖೊಖೊ ಕಲಿಸಿದವರು ಅವರೇ, ಅದೇ ಮೈದಾನದಲ್ಲಿ. ಆಮೇಲೆ ಅವರಿಗೆ ಮಾನ್ವಿಗೆ ವರ್ಗವಾಯಿತು. ಅಲ್ಲಿ ಕುರ್ಡಿ ಎಂಬ ಹಳ್ಳಿಯ ಒಬ್ಬ ಹುಡುಗನನ್ನು ಕಂಡರು. ಅವನ ತಾಯಿ ಕೂಲಿಗೆ ಹತ್ತಿ ಬಿಡಿಸುತ್ತಿದ್ದವಳು. ಹುಡುಗನೂ ಶಾಲೆ ಬಿಟ್ಟು ಆಕೆಯ ಹಿಂದೆ ಹೊಲಕ್ಕೆ ಹೋಗುತ್ತಿದ್ದ. ಮಾಸ್ತರರು ಸೈಕಲ್ ತುಳಿದುಕೊಂಡು ಹೊಲದ ತನಕ ಹೋಗಿ, ಬದುವಿನ ಮೇಲೆ ಕುಳಿತು, ಆಕೆಯೊಡನೆ ಒಂದು ಮಧ್ಯಾಹ್ನ ಪೂರ್ತಿ ಮಾತಾಡಿ ಅವನನ್ನು ಮರಳಿ ಶಾಲೆಗೆ ತಂದರಂತೆ. ಆ ಹುಡುಗ ಈಗ ಐವತ್ತರ ಹತ್ತಿರದ ದೈಹಿಕ ಶಿಕ್ಷಕ, ಮಾನ್ವಿ ಕಡೆಯ ಸರಕಾರಿ ಶಾಲೆಯಲ್ಲಿ. ನಮ್ಮ ಕೂಟದ ಮುಖ್ಯ ಟೈಮ್‌ಕೀಪರ್ ಅವನೇ. ನನ್ನನ್ನು ಅಣ್ಣಾರ ಎನ್ನುತ್ತಾನೆ.

ಅವನಂಥ ಟೈಮ್‌ಕೀಪರ್ ನಮ್ಮ ಸೀಮೆಯಲ್ಲಿ ಇನ್ನೊಬ್ಬನಿಲ್ಲ. ಮಾಸ್ತರರು ಅವನಿಗೆ ಕಲಿಸಿದ್ದು ಕೀಲಿ ಕೊಡುವ ಹಳೆಯ ಸ್ಟಾಪ್‌ವಾಚ್ ಮೇಲೆ. ಗಡಿಯಾರ ಹಿಡಿದ ಕೈ ಮನುಷ್ಯನದಲ್ಲ, ಆಟದ್ದು ಎನ್ನುತ್ತಿದ್ದರು. ಈ ಕೂಟ ಸರಿಯಾಗಿ ಮುಗಿದರೆ ಅವನ ಹೆಸರು ಅಂತರರಾಷ್ಟ್ರೀಯ ಅಧಿಕಾರಿಗಳ ಪಟ್ಟಿಗೆ ಹೋಗುವುದಿತ್ತು. ಹೊರದೇಶದ ತಾಂತ್ರಿಕ ಪ್ರತಿನಿಧಿಯೊಬ್ಬರು ಬಂದಿದ್ದರು. ಎತ್ತರದ, ಕಡಿಮೆ ಮಾತಿನ ಹೆಣ್ಣುಮಗಳು. ಪಟ್ಟಿಗೆ ಯಾರು ಹೋಗಬೇಕು, ಯಾರನ್ನು ಬಿಡಬೇಕು ಎನ್ನುವುದು ಆಕೆಯ ವರದಿಯ ಮೇಲಿತ್ತು. ಅವನು ಪಾಸ್‌ಪೋರ್ಟ್ ಮಾಡಿಸಿ, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕೂಟದ ಎಲ್ಲಾ ದಿನವೂ ಜೇಬಿನಲ್ಲೇ ಇಟ್ಟುಕೊಂಡಿದ್ದ.

"ಅದನ್ಯಾಕ ಹೊತ್ಕೊಂಡು ತಿರಗತೀಯೋ, ಯಾರಿಗಿ ತೋರಸ್ತಿ?" ಎಂದು ನಾನು ಕೇಳಿದ್ದೆ.

"ಯಾರಿಗೂ ಇಲ್ರಿ ಅಣ್ಣಾರ. ಆಗಾಗ ಮುಟ್ಟಿ ನೋಡಕೋತೀನ್ರಿ."

ರಾಯಚೂರು, ಮಾನ್ವಿ ಎರಡೂ ಕಡೆ ಎಲ್ಲ ಸುಸೂತ್ರ. ಹತ್ತಿ ಲಾರಿಯಲ್ಲಿ ಮ್ಯಾಟು ಸಾಗಿಸಿದೆವು. ಹಗ್ಗ ಬಿಗಿಯುವುದರಲ್ಲಿ ನಮ್ಮ ಹಮಾಲರನ್ನು ಮೀರಿಸುವವರಿಲ್ಲ, ಒಂದು ಅಂಚೂ ಮಡಚಲಿಲ್ಲ. ತೊಂದರೆ ಶುರುವಾಗಿದ್ದು ಫೈನಲ್ ದಿನ. ಬಾಡಿಗೆಗೆ ತಂದಿದ್ದ ದೊಡ್ಡ ಡಿಜಿಟಲ್ ಗಡಿಯಾರ ಬಿಸಿಲಿಗೋ ಧೂಳಿಗೋ ಮಧ್ಯಾಹ್ನದ ಹೊತ್ತಿಗೆ ಕಣ್ಣು ಮುಚ್ಚಿತು. ಅದಕ್ಕೆ ನಾನು ಹೆದರಲಿಲ್ಲ. ಕೈಯಲ್ಲಿ ಹಿಡಿದ ಗಡಿಯಾರದ ಮೇಲೆ ಆಡಿಸಲು ನಿಯಮದಲ್ಲಿ ಅವಕಾಶವಿದೆ, ಒಂದು ಷರತ್ತಿನ ಮೇಲೆ: ಎರಡು ಗಡಿಯಾರ ಇರಬೇಕು, ಎರಡು ಕುರ್ಚಿಯಲ್ಲಿ ಇಬ್ಬರು ಹಿಡಿದಿರಬೇಕು. ಎರಡನೆಯ ಟೈಮ್‌ಕೀಪರೂ ಮಾಸ್ತರರ ಶಿಷ್ಯನೇ, ದೇವದುರ್ಗದವನು.

ಇಲ್ಲಿ ನಾನು ಜಾಣತನ ಮಾಡಿದೆ.

ಮಾಸ್ತರರನ್ನು ಫೈನಲ್ ಮುಗಿದ ಮೇಲೆ ಸನ್ಮಾನಿಸುವುದಿತ್ತು. ಶಾಲು ತಂದಿಟ್ಟಿದ್ದೆ. ಕಾರು ಕಳಿಸಿದರೆ ಡ್ರೈವರ್ ಒಬ್ಬನೇ ಮರಳಿ ಬಂದ. "ಗುರುತಿಲ್ಲದವರ ಗಾಡಿ ಹತ್ತಲ್ಲ ಅಂದ್ರ್ರಿ. ನಮ್ಮ ಹುಡುಗೂರು ಯಾರರೆ ಬರ್ಲಿ, ಇಲ್ಲಾಂದ್ರ ನಡಕೋತ ಬರ್ತೀನಿ ಅಂದ್ರು," ಎಂದ. ಎಂಬತ್ತು ದಾಟಿದ ಮನುಷ್ಯ, ಆ ಬಿಸಿಲು. ಮನೆ ಹತ್ತಿರವೇ ಇತ್ತು. ಎರಡನೆಯ ಟೈಮ್‌ಕೀಪರನಿಗೆ ಕೊನೆಯ ಪಾಳಿಗೆ ಮುಂಚೆ ಕಣ್ಸನ್ನೆ ಮಾಡಿದೆ. ಹೋಗಿ ಕರೆತಾ, ನಿನ್ನ ಕುರ್ಚಿಯಲ್ಲೇ ಕೂರಿಸು, ನೀನು ಹಿಂದೆ ನಿಂತು ಗಡಿಯಾರ ನೋಡು ಎಂದೆ. ಅವನು ತನ್ನ ಗಡಿಯಾರ ಜೇಬಿಗೆ ಹಾಕಿಕೊಂಡು ಹೊರಟ. ಒಂದು ಗಾಡಿಯಲ್ಲಿ ಎರಡು ಮಾಲು ಹಾಕಿದೆ ಎಂದು ನನಗೆ ನಾನೇ ಮೆಚ್ಚಿಕೊಂಡೆ.

ಫೈನಲ್ ಆಡುತ್ತಿದ್ದ ದೇಶಗಳ ಹೆಸರು ಬರೆಯುವುದಿಲ್ಲ. ಎರಡೂ ಕಡೆ ಇಂದಿಗೂ ನನ್ನನ್ನು ಊಟಕ್ಕೆ ಕರೆಯುವವರಿದ್ದಾರೆ. ಒಂದು ಗುಡ್ಡದ ನಾಡಿನ ತಂಡ, ಇನ್ನೊಂದು ದ್ವೀಪದ ತಂಡ ಅನ್ನೋಣ. ಕೊನೆಯ ಪಾಳಿ, ಒಂಬತ್ತು ನಿಮಿಷ. ಗುಡ್ಡದವರು ಬೆನ್ನಟ್ಟುತ್ತಿದ್ದರು, ದ್ವೀಪದವರು ಓಡುತ್ತಿದ್ದರು. ಆರು ನಿಮಿಷ ಕಳೆದಾಗ ಗುಡ್ಡದವರು ಒಂದು ಅಂಕ ಹಿಂದಿದ್ದರು. ಒಬ್ಬಳನ್ನು ಮುಟ್ಟಿದರೆ ಸಮ, ಪಂದ್ಯ ಇನ್ನೊಂದು ಇನ್ನಿಂಗ್ಸಿಗೆ ಹೋಗುತ್ತದೆ. ಮುಟ್ಟದಿದ್ದರೆ ಕಪ್ಪು ದ್ವೀಪಕ್ಕೆ.

ಅಷ್ಟರಲ್ಲಿ ಆ ಎರಡನೆಯವನ ಜೊತೆ ಮಾಸ್ತರರು ಬಂದರು. ಬಿಳಿ ಅಂಗಿ, ಬಿಳಿ ಧೋತ್ರ, ಕೊರಳಲ್ಲಿ ಅದೇ ಹಳೆಯ ಸೀಟಿ. ಹಗ್ಗದ ಅಂಚಿನಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ನೇರ ಟೈಮ್‌ಕೀಪರ್ ಮೇಜಿನ ಬಳಿಗೆ. ನಾನು ವೇದಿಕೆಯ ಮೇಲಿದ್ದೆ. ಎಲ್ಲರೂ ಆಟ ನೋಡುತ್ತಿದ್ದರು. ನಾನೊಬ್ಬನೇ ಅವರನ್ನು ನೋಡುತ್ತಿದ್ದೆ. ಆದ್ದರಿಂದ ಕಂಡೆ. ನಮ್ಮ ಟೈಮ್‌ಕೀಪರ್ ತಲೆಯೆತ್ತಿದ. ಗುರುಗಳು ಪಕ್ಕದಲ್ಲಿ ನಿಂತಿದ್ದಾರೆ. ನಮ್ಮ ಕಡೆ ಬೆಳೆದವನಿಗೆ ಆ ಕ್ಷಣದಲ್ಲಿ ಯೋಚನೆ ಎಂಬುದು ಇರುವುದಿಲ್ಲ, ಸೊಂಟ ತಾನೇ ಬಾಗುತ್ತದೆ. ಎದ್ದು, ಗಡಿಯಾರ ಹಿಡಿದ ಕೈಯಿಂದಲೇ ಅವರ ಪಾದ ಮುಟ್ಟಿದ. ಮಾಸ್ತರರು ತಲೆಯ ಮೇಲೆ ಕೈಯಿಟ್ಟು ಏನೋ ಹೇಳಿದರು. ಅವನು ಬಾಗಿದಲ್ಲಿಂದಲೇ ಏನೋ ಹೇಳಿದ. ಎದ್ದು ಕುಳಿತು ಗಡಿಯಾರ ನೋಡಿದವನ ಮುಖ ಬಿಳಿಚಿಕೊಂಡಿತು. ಹೆಬ್ಬೆರಳು ಒಂದು ಸಲ ಕೆಳಗೆ ಹೋಯಿತು. ಅಷ್ಟೇ.

ಆಟ ನಡೆದೇ ಇತ್ತು. ಕೊನೆಯ ಗಳಿಗೆಯಲ್ಲಿ ಗುಡ್ಡದ ಹುಡುಗಿಯೊಬ್ಬಳು ಕಂಬ ಸುತ್ತಿ, ಮೈ ಚಾಚಿ, ದ್ವೀಪದವಳ ಹಿಮ್ಮಡಿ ಮುಟ್ಟಿದಳು. ಸ್ಕೋರರ್ ಹಾಳೆಯಲ್ಲಿ ಟೈಮ್‌ಕೀಪರ್ ಹೇಳಿದ ಹೊತ್ತು ಬರೆದ: ಎಂಟು ನಿಮಿಷ ನಲವತ್ತೆಂಟು ಸೆಕೆಂಡು. ಹನ್ನೆರಡು ಸೆಕೆಂಡು ಕಳೆದು ಕೊನೆಯ ಸೀಟಿ. ಅಂಕ ಸಮ.

ದ್ವೀಪದ ಮ್ಯಾನೇಜರ್, ನಡುವಯಸ್ಸಿನ ಗಟ್ಟಿ ಹೆಂಗಸು, ತನ್ನ ಫೋನು ಎತ್ತಿ ಹಿಡಿದುಕೊಂಡೇ ಬಂದರು. ತಮ್ಮ ಲೆಕ್ಕದಲ್ಲಿ ಒಂಬತ್ತು ನಿಮಿಷ ಮೊದಲೇ ಮುಗಿದಿತ್ತು, ಆ ಅಂಕ ಹೊತ್ತು ಮೀರಿದ ಮೇಲೆ ಬಂದದ್ದು, ಕಪ್ಪು ತಮ್ಮದು ಎಂದು ಲಿಖಿತ ದೂರು ಕೊಟ್ಟರು. ಗುಡ್ಡದ ಮ್ಯಾನೇಜರ್, ಹಿಂದಿ ಬಲ್ಲ ಹಸನ್ಮುಖಿ, ತಮ್ಮ ಫೋನಿನಲ್ಲೂ ಗಡಿಯಾರ ಇದೆ, ಅದು ಬೇರೆ ಹೇಳುತ್ತದೆ, ಹೊರಗಿನ ಗಡಿಯಾರ ಲೆಕ್ಕಕ್ಕಿಲ್ಲ ಎಂದರು. ನಿಯಮ ಅವರ ಕಡೆಗಿತ್ತು. ಅಧಿಕೃತ ಗಡಿಯಾರವೇ ಅಂತಿಮ.

ಮೇಲ್ಮನವಿ ಕೇಳುವ ಸಮಿತಿಯಲ್ಲಿ ಮೂವರು: ಅಧ್ಯಕ್ಷನಾಗಿ ನಾನು, ತಾಂತ್ರಿಕ ಪ್ರತಿನಿಧಿ, ಇನ್ನೊಂದು ದೇಶದ ಹಿರಿಯ ರೆಫರಿ. ಶಾಲೆಯ ವಿಜ್ಞಾನ ಪ್ರಯೋಗಾಲಯವೇ ನಮ್ಮ ಕಚೇರಿ. ಒಳಗೆ ಹೋಗುವ ಮುಂಚೆ ಕೈ ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರ ನಿಂತೆ. ಟೈಮ್‌ಕೀಪರ್ ಹಿಂದೆಯೇ ಬಂದ.

"ಅಣ್ಣಾರ, ಗಡಿಯಾರ ನಿಂತಿತ್ರಿ."

"ನಾ ನೋಡೀನಿ. ಸುಮ್ನಿರು."

"ಮಾಸ್ತರ ಕಾಲು ಮುಟ್ಟಾಗ ಬಟನ್ ಒತ್ತಿಬಿಟ್ಟೀನ್ರಿ. ಎದ್ದ ಕೂಡಲೆ ಮತ್ತ ಚಾಲೂ ಮಾಡೀನಿ. ಎಷ್ಟೊತ್ತು ನಿಂತಿತ್ತೋ ಗೊತ್ತಿಲ್ರಿ."

"ಸುಮ್ನಿರು ಅಂದೆ. ಅಧಿಕೃತ ಗಡಿಯಾರ ಅಂತಿಮ ಅಂತ ನಿಯಮ ಅದ. ನಾ ಒಳಗ ಅದೊಂದು ಮಾತು ಹೇಳಿದ್ರ ಮುಗೀತು. ನಿನ್ನ ಹೆಸರು ಪಟ್ಟಿಗೆ ಹೋಗ್ತದ."

ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡ. ಪಾಸ್‌ಪೋರ್ಟ್ ಅಲ್ಲೇ ಇತ್ತು. "ಹೋಗ್ತದ್ರಿ," ಎಂದ. "ಆ ಮೇಡಂ ಮುಂದಿನ ದೇಶದಾಗ ನನ್ನ ಕೈಯಾಗ ಗಡಿಯಾರ ಕೊಡ್ತಾರಲ್ರಿ, ಆವಾಗ ನಾ ಹ್ಯಾಂಗ ಹಿಡೀಲ್ರಿ ಅಣ್ಣಾರ?" ಎಂದು ಕೇಳಿದ.

ನಾನು ಮುಖಕ್ಕೆ ನೀರು ಹೊಡೆದುಕೊಂಡೆ. ತಪ್ಪಿನ ಅರ್ಧ ಅವನದು ಎಂದು ನನಗೆ ಗೊತ್ತಿತ್ತು. ಇನ್ನರ್ಧ ಯಾರದು ಎಂದೂ ಗೊತ್ತಿತ್ತು. ಎರಡನೆಯ ಕುರ್ಚಿ ಖಾಲಿ ಮಾಡಿಸಿದವನು ನಾನು. ಆ ಕುರ್ಚಿಯಲ್ಲಿ ಮನುಷ್ಯನಿದ್ದಿದ್ದರೆ ಒಂದು ಗಡಿಯಾರ ನಿಂತರೂ ಇನ್ನೊಂದು ಓಡುತ್ತಿತ್ತು. ಅವನನ್ನು ಉಳಿಸುತ್ತೇನೆ ಅನ್ನುತ್ತ ನಾನು ನಿಜಕ್ಕೂ ಉಳಿಸಹೊರಟದ್ದು ಯಾರನ್ನು ಎಂದು ಕೇಳಿಕೊಂಡೆ.

ಒಳಗೆ ಹೋಗಿ ಎಲ್ಲ ಹೇಳಿದೆ. ನನ್ನ ಅರ್ಧವನ್ನು ಮೊದಲು ಹೇಳಿದೆ. ನನ್ನ ಇಂಗ್ಲಿಷ್ ಹತ್ತಿ ಮಾರುವಷ್ಟು ಇದೆ, ತಪ್ಪೊಪ್ಪಿಕೊಳ್ಳುವಷ್ಟು ಇರಲಿಲ್ಲ, ಅಂತೂ ಹೇಳಿದೆ. ನಾನೇ ಈಗ ಸಾಕ್ಷಿಯಾದ್ದರಿಂದ ಅಧ್ಯಕ್ಷನ ಕುರ್ಚಿಯನ್ನು ಹಿರಿಯ ರೆಫರಿಗೆ ಬಿಟ್ಟುಕೊಟ್ಟೆ. ತಾಂತ್ರಿಕ ಪ್ರತಿನಿಧಿ ಪೆನ್ನು ಕೆಳಗಿಟ್ಟು ಕೇಳಿದ್ದು ಒಂದೇ ಮಾತು: ಗಡಿಯಾರ ಎಷ್ಟು ಹೊತ್ತು ನಿಂತಿತ್ತು?

ಪ್ರಶ್ನೆ ಸರಳ. ಹನ್ನೆರಡು ಸೆಕೆಂಡಿಗಿಂತ ಕಡಿಮೆ ನಿಂತಿದ್ದರೆ ಆ ಅಂಕ ಹೊತ್ತಿನೊಳಗೇ ಬಂದದ್ದು. ಹನ್ನೆರಡಕ್ಕಿಂತ ಹೆಚ್ಚಾಗಿದ್ದರೆ ಹೊತ್ತು ಮೀರಿ ಬಂದದ್ದು. ವಿಡಿಯೊ ನೋಡೋಣ ಎಂದರೆ, ನಮ್ಮ ಕ್ಯಾಮೆರಾದವನು ಅದೇ ಪಾಳಿಯ ನಡುವೆ ನಿಲ್ಲಿಸಿ ಬ್ಯಾಟರಿ ಬದಲಿಸಿದ್ದ. ಜನರ ಕೈಯಲ್ಲಿ ಫೋನುಗಳು ನೂರಾರು, ಆದರೆ ಎಲ್ಲರೂ ಹುಡುಗಿಯರು ಹಾರುವುದನ್ನಷ್ಟೇ ತುಂಡು ತುಂಡಾಗಿ ತೆಗೆದುಕೊಂಡಿದ್ದರು. ಒಂದರಲ್ಲೂ ಒಂಬತ್ತು ನಿಮಿಷ ಪೂರ್ತಿ ಇರಲಿಲ್ಲ.

"ಹಾಗಾದರೆ ಮತ್ತೆ ಮಾಡಿ ತೋರಿಸಲಿ," ಎಂದರು ಆಕೆ.

ಮಾಸ್ತರರನ್ನು ಪ್ರಯೋಗಾಲಯಕ್ಕೆ ಕರೆತಂದೆವು. ನಡೆದದ್ದನ್ನು ಕೇಳಿ ಆ ಮುದುಕ ಗೋಡೆಗೆ ಒರಗಿ ನಿಂತುಬಿಟ್ಟರು. "ನಾ ಬರಬಾರದಿತ್ತಲೇ," ಎಂದರು ನನ್ನ ಕಡೆ ತಿರುಗಿ.

"ನಾನೇ ಕರಸೀನ್ರಿ ಮಾಸ್ತರ."

"ನೀ ಸಣ್ಣಂದಿನಿಂದ ಹಿಂಗ. ಒಂದು ಕಲ್ಲಿಗೆ ಎಲ್ಡು ಮಾವಿನಕಾಯಿ ನೋಡಾಂವ. ಇರಲಿ, ಈಗ ನಾ ಏನ್ ಮಾಡಬೇಕು?"

"ಮೈದಾನದಾಗ ಬಂದಂಗ ಬರ್ರಿ. ಆಂವ ಕಾಲಿಗಿ ಬೀಳ್ತಾನ. ನೀವು ಏನಂದ್ರಿ ಅದನ್ನೇ ಅನ್ರಿ."

ಟೈಮ್‌ಕೀಪರ್ ಮೇಜಿನ ಹಿಂದೆ ಕುಳಿತ. ತಾಂತ್ರಿಕ ಪ್ರತಿನಿಧಿ ತಮ್ಮ ಗಡಿಯಾರ ಹಿಡಿದರು. ಇಬ್ಬರು ಮ್ಯಾನೇಜರರೂ ಬಾಗಿಲಲ್ಲಿ ನಿಂತರು. ಮಾಸ್ತರರು ಬಂದರು, ಅವನು ಎದ್ದು ಬಾಗಿದ, ಅವರು ತಲೆ ಮುಟ್ಟಿದರು. "ಮುಟ್ಟಿದ್ದು ಬಂಗಾರ ಆಗ್ಲಿ, ಕಾಲು ಗಟ್ಟಿ ಇರ್ಲಿ. ನಿಮ್ಮವ್ವ ಅರಾಮದಾಳೇನು?"

"ಅರಾಮದಾಳ್ರಿ."

ಒಂಬತ್ತು ಸೆಕೆಂಡು. ಗುಡ್ಡದ ಮ್ಯಾನೇಜರ್ ನಕ್ಕರು. ಆದರೆ ಮಾಸ್ತರರು ತಲೆಯಾಡಿಸಿದರು.

"ಅವಾಗ ನೀ ಇಷ್ಟಕ್ಕ ಬಿಡಲಿಲ್ಲಲ್ಲೋ. ಕಣ್ಣಿಂದು ಏನೋ ಹೇಳಿದೆಲ್ಲ."

"ಹೌದ್ರಿ. ಅವ್ವನ ಕಣ್ಣಿನ ಆಪರೇಷನ್ ಆಗ್ಯಾದ ಅಂದೆ."

"ಅದನ್ನ ಬಿಟ್ರ ಹ್ಯಾಂಗ? ಖರೇ ಹೇಳಾಕ ಕುಂತ ಮ್ಯಾಲ ಪೂರಾ ಹೇಳಬೇಕು. ಮತ್ತ ಬೀಳು."

ಎರಡನೆಯ ಸಲ ಹದಿನಾರು ಸೆಕೆಂಡು. ಈಗ ದ್ವೀಪದ ಮ್ಯಾನೇಜರ್ ಮುಖ ಅರಳಿತು. ನಿಧಾನ ಮಾಡುತ್ತಿದ್ದಾರೆ ಎಂದು ಗುಡ್ಡದವರು ತಗಾದೆ ತೆಗೆದರು. ಅದೂ ಸುಳ್ಳಲ್ಲ, ಮುದುಕರು ಎರಡನೆಯ ಸಲ, ಎಡಗಣ್ಣೋ ಬಲಗಣ್ಣೋ ಎಂದೂ ಕೇಳಿದ್ದರು. ಮೂರನೆಯ ಸಲ ಹನ್ನೊಂದು. ಮೂರು ಸಲ ಮೂರು ಲೆಕ್ಕ. ಗುರುವಿನ ಹರಕೆಗೆ ಅಳತೆಯಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದು ಹೀಗೆ ರುಜುವಾತಾಗುತ್ತದೆ ಎಂದು ನಾನು ಎಣಿಸಿರಲಿಲ್ಲ.

ಸಮಿತಿ ಕೊನೆಗೆ ಒಂದು ದಾರಿ ಹಿಡಿಯಿತು. ಸಂಶಯದ ಆ ಅಂಕ ಅಳಿಸಿ, ಪಾಳಿಯ ಒಂದಷ್ಟು ಭಾಗ ಮತ್ತೆ ಆಡಿಸಬಹುದು. ಆ ಅಧಿಕಾರ ನಿಯಮದಲ್ಲಿದೆ. ಎಷ್ಟು ಹೊತ್ತು ಎಂದು ಮಾತ್ರ ನಿಯಮದಲ್ಲಿ ಇರಲಿಲ್ಲ. ಎರಡೂ ತಂಡ ಒಪ್ಪಿ ಬಂದರೆ ಸಹಿ ಹಾಕುತ್ತೇವೆ, ಇಲ್ಲದಿದ್ದರೆ ಕೂಟಕ್ಕೆ ಫಲಿತಾಂಶವೇ ಇಲ್ಲವೆಂದು ಬರೆಯುತ್ತೇವೆ ಎಂದರು.

ಮ್ಯಾನೇಜರರಿಬ್ಬರೂ ಎದುರು ಬದುರು ಕುಳಿತರು. ಗುಡ್ಡದವರು ಎರಡು ನಿಮಿಷ ಎಂದರು. ದ್ವೀಪದವರು ಒಂದು ಸೆಕೆಂಡೂ ಇಲ್ಲ ಎಂದರು. ಕಿಟಕಿಯ ಸರಳು ಹಿಡಿದು ಎರಡೂ ತಂಡದ ಹುಡುಗಿಯರು ನೋಡುತ್ತಿದ್ದರು. ನಾನು ಆ ಕಿಟಕಿಯನ್ನು ನೋಡಿದೆ. ಇವರಿಬ್ಬರೂ ಸೋಲಲು ಹೆದರಿದವರಲ್ಲ, ತಮ್ಮ ಮಕ್ಕಳ ಮುಂದೆ ಇಳಿದು ಬರಲು ಹೆದರಿದವರು. ಇದು ನನಗೆ ಗೊತ್ತಿದ್ದ ವ್ಯವಹಾರ.

ನಮ್ಮ ಮಾರುಕಟ್ಟೆಯಲ್ಲಿ ಹಳಬರು ಬಾಯಿಂದ ದರ ಹೇಳುತ್ತಿರಲಿಲ್ಲ. ಟವೆಲಿನ ಕೆಳಗೆ ದಲಾಲಿ ಒಬ್ಬೊಬ್ಬರ ಕೈ ಹಿಡಿಯುತ್ತಾನೆ. ಬೆರಳು ಒತ್ತಿ ದರ ತಿಳಿಸುತ್ತಾರೆ. ಯಾರು ಎಷ್ಟಕ್ಕೆ ಇಳಿದರು, ಯಾರು ಎಷ್ಟಕ್ಕೆ ಏರಿದರು ಎಂಬುದು ಸುತ್ತ ನಿಂತವರಿಗೆ ಗೊತ್ತಾಗುವುದಿಲ್ಲ. ಕೊನೆಯ ದರ ಮಾತ್ರ ಹೊರಗೆ ಬರುತ್ತದೆ. ಮರ್ಯಾದೆ ಎಲ್ಲರದೂ ಉಳಿಯುತ್ತದೆ. ಈಗಿನ ಹುಡುಗರಿಗೆ ಹೇಳುತ್ತೇನೆ: ಎದುರಿನವನು ಹಟ ಹಿಡಿದಿದ್ದಾನೆ ಎನ್ನುವ ಮುಂಚೆ, ಅವನನ್ನು ಯಾರು ನೋಡುತ್ತಿದ್ದಾರೆ ಎಂದು ನೋಡಿ.

ಹತ್ತಿರ ಟವೆಲ್ ಇರಲಿಲ್ಲ. ಮಾಸ್ತರರ ಸನ್ಮಾನಕ್ಕೆ ತಂದ ಶಾಲು ಇತ್ತು. ಅದನ್ನು ಬಿಡಿಸಿ ಮೇಜಿನ ಮೇಲೆ ಹರವಿದೆ. ಒಂದು ಬೆರಳು ಎಂದರೆ ಅರ್ಧ ನಿಮಿಷ ಎಂದು ಇಬ್ಬರಿಗೂ ತಿಳಿಸಿ ಹೇಳಿದೆ. ಮೊದಲು ಇಬ್ಬರೂ ನಕ್ಕರು. ನಗು ಬಂತೆಂದರೆ ಅರ್ಧ ವ್ಯಾಪಾರ ಆಯಿತೆಂದೇ ಲೆಕ್ಕ.

ತಾಂತ್ರಿಕ ಪ್ರತಿನಿಧಿ ಇದಕ್ಕೆ ನಿಯಮದಲ್ಲಿ ಅವಕಾಶವಿದೆಯೇ ಎಂದು ಕೇಳಿದರು. ಬೇಡ ಎಂದೂ ಎಲ್ಲೂ ಬರೆದಿಲ್ಲ ಎಂದೆ.

ಶಾಲಿನ ಕೆಳಗೆ ಗುಡ್ಡದವರ ಕೈ ಹಿಡಿದೆ. ನಾಲ್ಕು ಬೆರಳು. ದ್ವೀಪದವರ ಕೈ ಹಿಡಿದೆ. ಅವರು ಬೆರಳು ಮಡಚಿ ಮುಷ್ಟಿ ಮಾಡಿದ್ದರು. ನಾನು ಕೈ ಬಿಡಲಿಲ್ಲ. ಮಾರುಕಟ್ಟೆಯಲ್ಲಿ ಕಲಿತದ್ದು ಅದು: ಮುಷ್ಟಿ ಕಂಡರೆ ಅವಸರ ಬೇಡ, ಬೆಚ್ಚಗೆ ಹಿಡಿದುಕೊಂಡು ಕೂರಬೇಕು. ಸ್ವಲ್ಪ ಹೊತ್ತಿಗೆ ಒಂದು ಬೆರಳು ಬಿಚ್ಚಿತು. ಗುಡ್ಡದವರತ್ತ ತಿರುಗಿದೆ, ನಾಲ್ಕು ಮೂರಾಯಿತು. ಮತ್ತೆ ದ್ವೀಪದವರ ಕೈಯಲ್ಲಿ ಎರಡು. ಅಲ್ಲಿ ನಿಂತಿತು. ಎಷ್ಟು ಹೊತ್ತು ಕುಳಿತರೂ ಎರಡಕ್ಕಿಂತ ಮೇಲೆ ಬರಲಿಲ್ಲ, ಅಲ್ಲಿ ಮೂರಕ್ಕಿಂತ ಕೆಳಗೆ ಇಳಿಯಲಿಲ್ಲ.

ಆಗ ದ್ವೀಪದ ಮ್ಯಾನೇಜರ್ ಬಾಯಿಬಿಟ್ಟು ಕೇಳಿದರು. ಮೂರಕ್ಕೆ ಒಪ್ಪುತ್ತೇನೆ, ಒಂದು ಷರತ್ತು: ಗಡಿಯಾರ ಯಾರು ಹಿಡಿಯುತ್ತಾರೆ ಎನ್ನುವುದನ್ನು ನಾನು ಹೇಳಬೇಕು. ತಾಂತ್ರಿಕ ಪ್ರತಿನಿಧಿ ತಾವೇ ಹಿಡಿಯುವುದಾಗಿ ಹೇಳಿದರು. ಬೇಡ ಎಂದರು ದ್ವೀಪದ ಮ್ಯಾನೇಜರ್. ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದ ನಮ್ಮವನತ್ತ ಕೈ ತೋರಿಸಿದರು. ಇವನೇ ಹಿಡಿಯಲಿ. ತನ್ನ ಗಡಿಯಾರ ನಿಂತಿತ್ತೆಂದು ತಾನೇ ಹೇಳಿದವನು. ಅಂಥವನನ್ನು ನಾನು ಬೇರೆ ಎಲ್ಲೂ ನೋಡಿಲ್ಲ ಎಂದರು.

ಅವರು ಹೇಳಿದ್ದನ್ನು ನಾನು ಅವನಿಗೆ ಕನ್ನಡದಲ್ಲಿ ಹೇಳಿದೆ. ಅವನು ಮಾಸ್ತರರ ಮುಖ ನೋಡಿದ.

"ನನ್ನ ಮಾರಿ ಏನ್ ನೋಡ್ತೀ," ಎಂದರು ಮಾಸ್ತರರು. "ಗಡಿಯಾರ ನೋಡು. ನಾ ಹೊರಗಿರ್ತೀನಿ. ಸೀಟಿ ಊದೋತನಕ ಒಳಗ ಬರಂಗಿಲ್ಲ."

ಒಂದೂವರೆ ನಿಮಿಷದ ಆಟಕ್ಕೆ ಮೈದಾನ ಮತ್ತೆ ತುಂಬಿತು. ಈ ಸಲ ಎರಡು ಕುರ್ಚಿ, ಇಬ್ಬರು ಮನುಷ್ಯರು, ಎರಡು ಗಡಿಯಾರ. ಮಾಸ್ತರರು ಹಗ್ಗದಿಂದಾಚೆ ಬೇವಿನ ಮರದ ಕೆಳಗೆ, ಬೇಕೆಂದೇ ಬೆನ್ನು ಹಾಕಿ ನಿಂತರು. ನಾನು ಆಟ ನೋಡಲಿಲ್ಲ ಎಂದರೆ ನಂಬಿ. ಆ ಹೆಬ್ಬೆರಳನ್ನೇ ನೋಡುತ್ತಿದ್ದೆ. ಅದು ಅಲುಗಲಿಲ್ಲ. ದ್ವೀಪದ ಹುಡುಗಿ ಕಂಬದಿಂದ ಕಂಬಕ್ಕೆ ಹಾವಿನ ಹಾಗೆ ಹರಿದಾಡಿದಳು. ಗುಡ್ಡದವರು ಎರಡು ಸಲ ಬೆರಳಂತರದಲ್ಲಿ ತಪ್ಪಿದರು. ಸೀಟಿ ಬಿತ್ತು. ದ್ವೀಪ ಒಂದು ಅಂಕದಿಂದ ಗೆದ್ದಿತು. ಗುಡ್ಡದ ಮ್ಯಾನೇಜರ್ ನನ್ನ ಭುಜ ತಟ್ಟಿ, ಮುಂದಿನ ಸಲ ನಾಲ್ಕು ಬೆರಳು ಬಿಡುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿ ಹೋದರು.

ನಮ್ಮ ಟೈಮ್‌ಕೀಪರ್ ಹೊತ್ತು ಬರೆಸಿದ, ಸಹಿ ಮಾಡಿದ, ಎರಡೂ ಗಡಿಯಾರ ತಾಳೆ ನೋಡಿದ. ಆಮೇಲೆ ತನ್ನದನ್ನು ತಾಂತ್ರಿಕ ಪ್ರತಿನಿಧಿಯ ಕೈಗೆ ಕೊಟ್ಟು, ಬರಿಗೈಯಲ್ಲಿ ಬೇವಿನ ಮರದ ಕಡೆ ನಡೆದ. ನಾವು ಶಾಲು ಹಿಡಿದು ಹಿಂದೆ ಹೋದೆವು. ಅವನು ಬಾಗಿದ. ಮಾಸ್ತರರು ತಲೆ ಮುಟ್ಟಿ, ಅದೇ ಬಂಗಾರ, ಅದೇ ಗಟ್ಟಿ ಕಾಲು, ಅದೇ ಅವ್ವನ ಕ್ಷೇಮ. ಈ ಸಲ ಯಾರೂ ಮಾಡಿ ತೋರಿಸು ಎಂದಿರಲಿಲ್ಲ. ಪಕ್ಕದಲ್ಲಿ ಸಣ್ಣಗೆ ಕಟಕ್ ಎಂದು ಎರಡು ಸಲ ಸದ್ದಾಯಿತು. ತಿರುಗಿ ನೋಡಿದರೆ ಆ ಕಡಿಮೆ ಮಾತಿನ ಹೆಣ್ಣುಮಗಳು ಗಡಿಯಾರ ನನ್ನತ್ತ ಹಿಡಿದಿದ್ದರು. ಹನ್ನೆರಡು ಸೆಕೆಂಡು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಆಕೆ ಒತ್ತಿ ಸೊನ್ನೆ ಮಾಡಿದರು.

ವರದಿಯ ವಿಷಯಕ್ಕೆ ಮರುದಿನ ರಾಯಚೂರಿನಲ್ಲಿ, ಅವರು ಹೊರಡುವ ಮುಂಚೆ, ನಾನು ಕುಳಿತು ಮಾತಾಡಿದೆ. ತಪ್ಪನ್ನು ಬರೆಯದೆ ಬಿಡಿ ಎಂದು ಕೇಳಲಿಲ್ಲ. ಕೊಡದೆ ಕೇಳಬಾರದಲ್ಲ. ಮುಂದಿನ ಕೂಟಕ್ಕೆ ನಾನು ಒಕ್ಕೂಟದ ವೀಕ್ಷಕನಾಗಿ ಹೋಗುವುದಿತ್ತು. ಆ ಸರತಿ ಬಿಟ್ಟುಕೊಡುತ್ತೇನೆ, ಎರಡನೆಯ ಕುರ್ಚಿ ಖಾಲಿ ಮಾಡಿಸಿದ್ದಕ್ಕೆ ಅದು ನನ್ನ ದಂಡ ಎಂದೆ. ಅವನ ಹೆಸರನ್ನು ಪಟ್ಟಿಯಿಂದ ತೆಗೆಯಬೇಡಿ, ಬೇಕಾದರೆ ಎಚ್ಚರಿಕೆ ಎಂದು ಬರೆಯಿರಿ ಎಂದೆ. ಆಕೆ ನಕ್ಕರು. ಶಾಲು ತಂದಿಲ್ಲವೇ ಎಂದು ಕೇಳಿದರು. ಮಾಸ್ತರರಿಗೆ ಹೊದಿಸಿಬಿಟ್ಟೆವು ಎಂದೆ. ಮೇಜಿನ ಮೇಲೆ ಕೈ ಚಾಚಿ ನನ್ನ ಒಂದು ಬೆರಳು ಒತ್ತಿದರು. ಅದರ ಅರ್ಥ ಏನೆಂದು ವರದಿ ಬಂದ ಮೇಲೆ ತಿಳಿಯಿತು: ಇಬ್ಬರಿಗೂ ಎಚ್ಚರಿಕೆ, ಒಬ್ಬನ ಹೆಸರು ಪಟ್ಟಿಗೆ.

ಜೊತೆಗೆ ಕೈಪಿಡಿಯಲ್ಲಿ ಒಂದು ಹೊಸ ಸಾಲು ಸೇರಿತು. ಪಾಳಿ ನಡೆಯುವಾಗ ಟೈಮ್‌ಕೀಪರ್ ಆಸನ ಬಿಟ್ಟು ಏಳಬಾರದು, ಯಾರಿಗೂ ವಂದಿಸಬಾರದು. ಇಂಗ್ಲಿಷಿನಲ್ಲಿ ಒಂದೇ ಒಂದು ಸಾಲು. ಎಷ್ಟೋ ದೇಶದವರು ಓದುತ್ತಾರೆ, ಯಾಕೆ ಬರೆದಿದ್ದಾರೆ ಎಂದು ಅವರಿಗೆ ಗೊತ್ತಿಲ್ಲ.

ನಮ್ಮವನು ಆ ಮುಂದಿನ ಕೂಟಕ್ಕೆ ಹೊರಡುವ ಹಿಂದಿನ ದಿನ ಇಬ್ಬರೂ ದೇವದುರ್ಗಕ್ಕೆ ಹೋದೆವು. ಮಾಸ್ತರರು ಅಂಗಳದಲ್ಲಿ ಹೊರಸಿನ ಮೇಲೆ ಕುಳಿತಿದ್ದರು, ಮೊಣಕಾಲಿಗೆ ಅದೇ ಶಾಲು. ಕೈಪಿಡಿ ತೋರಿಸಿ ಆ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವರು ಅದನ್ನು ಕಣ್ಣ ಹತ್ತಿರ ಹಿಡಿದು, ತಮಗೆ ಬಾರದ ಅಕ್ಷರಗಳ ಮೇಲೆ ಬೆರಳಾಡಿಸಿದರು.

"ಪಾಳಿ ನಡದಾಗ ಕಾಲಿಗಿ ಬೀಳಬಾರದು ಅಂತ ಅದ?"

"ಹೌದ್ರಿ."

"ಮುಗದ ಮ್ಯಾಲ?"

"ಮುಗದ ಮ್ಯಾಲ ಏನೂ ಬರದಿಲ್ರಿ ಮಾಸ್ತರ."

"ಆತು ಮತ್ತ," ಎಂದು ಪುಸ್ತಕ ಮುಚ್ಚಿ ಕೆಳಗಿಟ್ಟು, ಶಾಲು ಸರಿಸಿ, ಎರಡೂ ಪಾದ ಜೋಡಿಸಿ ನೆಲದ ಮೇಲಿಟ್ಟರು. "ಬಾ. ನಿಮ್ಮವ್ವಗ ಈಗ ಚೊಲೊ ಕಾಣ್ತದೇನು? ಸಾವಕಾಶ ಹೇಳು."